ನೀರು ಕೊಟ್ಟ ಮನೆಗೆಲ್ಲ ಬ್ರಾಡ್‌ಬ್ಯಾಂಡ್

ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಜಾಹೀರಾತಿನ ಫಲಕ ಹಾಕಬಾರದೆಂದು ಇಂಟರ್ನೆಟ್ ಕಂಪೆನಿಯವರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಬೇರೆ ಊರಿನಲ್ಲಾದರೆ ಫಲಕದ ಎದುರಿನಿಂದ ವಾಹನಗಳು ಓಡಿಹೋಗುತ್ತವೆ. ದೊಡ್ಡ ಅಕ್ಷರ ಕಣ್ಣಿಗೆ ಬೀಳುತ್ತದೆ, ಸಣ್ಣ ಅಕ್ಷರ ಹಿಂದೆ ಉಳಿಯುತ್ತದೆ. ನಂತೂರಿನಲ್ಲಿ ಯಾವ ವಾಹನವೂ ಓಡುವುದಿಲ್ಲ. ಲಾರಿಗಳ ನಡುವೆ ಸಿಕ್ಕಿಬಿದ್ದ ಸಿಟಿ ಬಸ್ಸಿನಲ್ಲಿ ಕುಳಿತವರು 'ಕಣ್ಣು ಮಿಟುಕಿಸುವ ಮುನ್ನ ಮನೆಯೊಳಗೆ ವೇಗ' ಎಂಬುದನ್ನು ಓದುತ್ತಿದ್ದರು. ಲ್ಯಾಪ್‌ಟಾಪ್ ಹಿಡಿದು ನಗುವ ಹುಡುಗಿಯನ್ನು ನೋಡುತ್ತಿದ್ದರು. ನಕ್ಷತ್ರದ ಗುರುತಿನ ಪಕ್ಕದ ಷರತ್ತುಗಳನ್ನೆಲ್ಲ ಓದಿ ಮುಗಿಸುತ್ತಿದ್ದರು. ಆಗಲೂ ಬಸ್ಸು ಅಲುಗಾಡದಿದ್ದರೆ ಅದರ ಫೋಟೋ ತೆಗೆದುಕೊಂಡು, ಕುಲಶೇಖರದಲ್ಲಿ ಇಳಿದು, ನೇರ ನನ್ನ ಕೌಂಟರಿಗೆ ಬರುತ್ತಿದ್ದರು.

"ಮೇಡಂ, ಮೂರು ತಿಂಗಳು ಫ್ರೀ ಅಂತ ಮೇಲೆ ಉಂಟು. ವರ್ಷದ್ದು ಮೊದಲೇ ಕಟ್ಟಿದ್ರೆ ಅಂತ ಕೆಳಗೆ ಉಂಟು. ಹಾಗಾದ್ರೆ ಫ್ರೀ ಶುರುವಾಗುವುದು ಯಾವಾಗ?"

"ವರ್ಷ ಮುಗಿದ ಮೇಲೆ."

"ಅಷ್ಟರವರೆಗೆ ನಾನು ಇರ್ಬೇಕಲ್ಲ ಮಾರಾಯ್ರೆ!"

ಇನ್ನೊಬ್ಬರು ಫೋನನ್ನು ನನ್ನ ಮುಖಕ್ಕೇ ಹಿಡಿದರು. "ವೇಗ ವೇಗ ಅಂತ ಬರೆದ ಬೋರ್ಡಿನ ಅಡಿಯಲ್ಲಿ ನಿಂತು ನಿಂತು ನನ್ನ ಮೀನು ಹಾಳಾಯ್ತು. ಅದಕ್ಕೆ ಯಾರನ್ನು ಕೇಳುವುದು?"

ನಾನು ಮೀನಿನ ಚೀಲವನ್ನು ನೋಡಿದೆ. ಬಂಗುಡೆ. ಕಣ್ಣು ಇನ್ನೂ ಕೆಂಪಾಗಿರಲಿಲ್ಲ. "ಈಗಲೇ ಹೋಗಿ ಉಪ್ಪು ಹಾಕಿಟ್ರೆ ಎಂತ ಆಗುವುದಿಲ್ಲ" ಎಂದೆ. ಅವರು ಸಮಾಧಾನದಿಂದ ಹೋದರು. ಕೌಂಟರಿನ ಕೆಲಸ ಹೆಚ್ಚಾಗಿ ಹೀಗೆಯೇ ಇರುತ್ತದೆ.

ನಮ್ಮದು ಕಂಪೆನಿಯ ಸ್ವಂತ ಆಫೀಸಲ್ಲ. ಕುಲಶೇಖರದಿಂದ ವಾಮಂಜೂರಿನವರೆಗೆ ಅದರ ಸಂಪರ್ಕ ಕೊಡಲು ಒಪ್ಪಂದ ಮಾಡಿಕೊಂಡ ಏಜೆನ್ಸಿ. ಇರುವವರು ನಾಲ್ಕೇ ಜನ. ಧಣಿಗಳು ಬ್ಯಾರಿ ಸಾಹೇಬರು. ಬಂದರಿನಲ್ಲಿ ಅಜ್ಜನ ಕಾಲದಿಂದ ಇದ್ದ ಚೀಲ, ಕೊಡೆಯ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ದುಬೈಯಲ್ಲಿ ದುಡಿದದ್ದನ್ನೆಲ್ಲ ಈ ಏಜೆನ್ಸಿಗೆ ಹಾಕಿದವರು. ಮನೆಮನೆಗೆ ಹೋಗಿ ಗಿರಾಕಿ ಹಿಡಿಯುವವರು ಒಬ್ಬರು. ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ, ಐವತ್ತರ ಹತ್ತಿರದ, ಯಾರೊಡನೆಯೂ ಮಾತು ಬೆಳೆಸಬಲ್ಲ ಮನುಷ್ಯ. ಅವರನ್ನು ಎಲ್ಲರೂ ಸೇಲ್ಸಿನವರು ಎಂದೇ ಕರೆಯುತ್ತಿದ್ದರು. ಕಂಬ ಹತ್ತಿ ತಂತಿ ಎಳೆಯುವ ಲೈನ್‌ಮ್ಯಾನ್ ಇನ್ನೊಬ್ಬ. ದಿನಕ್ಕೆ ಅವನಾಡುವ ಮಾತು ಬಹಳ ಕಡಿಮೆ. ಕೌಂಟರು, ಫೋನು, ಕಂಪ್ಯೂಟರು, ದೂರು, ಸಂಜೆಯ ಚಹಾದ ಲೆಕ್ಕ, ಇವೆಲ್ಲ ನನ್ನ ಪಾಲಿನವು.

ಫಲಕ ಎದ್ದ ವಾರವೇ ಬೆಂಗಳೂರಿನಿಂದ ಏರಿಯಾ ಮ್ಯಾನೇಜರ್ ಬಂದರು. ಕಾಲರಿನವರೆಗೆ ಗುಂಡಿ ಹಾಕಿದ ಅಂಗಿ, ಒಂದೇ ಸಮನೆ ಇಳಿಯುವ ಬೆವರು. ಫ್ಯಾನಿನ ಕೆಳಗಿನ ನನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟೆ. ಅವರು ಸೇಲ್ಸಿನವರ ಕೈಗೆ ಕಂಪೆನಿಯ ಹೊಸ ಫೋನು ಕೊಟ್ಟು, ಅದರಲ್ಲಿರುವ ಆ್ಯಪ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದರು. ಸೇಲ್ಸಿನವರು ಯಾವ ಮನೆಗೆ ಹೋಗುತ್ತಾರೋ ಆ ಮನೆಯನ್ನು ಫೋನು ತಾನೇ ಗುರುತು ಹಿಡಿಯುತ್ತದೆ. ಎಷ್ಟು ಹೊತ್ತು ಅಲ್ಲಿದ್ದರೆಂದು ಅಳೆಯುತ್ತದೆ. ಗೇಟಿನಿಂದಲೇ ತಿರುಗಿ ಬಂದರೆ ನಕ್ಷೆಯಲ್ಲಿ ಆ ಮನೆ ನೀಲಿ. ಹತ್ತು ನಿಮಿಷ ದಾಟಿದರೆ ಕೆಂಪು. ಕೆಂಪು ಎಂದರೆ ಬಿಸಿ ಗಿರಾಕಿ. ಕೆಂಪು ಬಿದ್ದ ಮನೆಗೆ ಸ್ವಾಗತದ ಮೆಸೇಜು ತಾನಾಗಿ ಹೋಗುತ್ತದೆ, ತಂತಿ ಎಳೆಯುವ ಆದೇಶ ಲೈನ್‌ಮ್ಯಾನನ ಫೋನಿಗೆ ಬರುತ್ತದೆ. ನಡುವೆ ಯಾರೂ ಏನೂ ಕೇಳಬೇಕಾಗಿಲ್ಲ.

"ಅವರು ಹೂಂ ಅಂತ ಹೇಳದಿದ್ರೆ?" ಎಂದು ಕೇಳಿದೆ.

"ಮೇಡಂ, ಬೇಡ ಅನ್ನೋರು ಬಾಗಿಲಲ್ಲೇ ಕಳಿಸ್ಬಿಡ್ತಾರೆ. ಒಳಗೆ ಕರೆದು ಕೂರಿಸಿದ್ರು ಅಂದ್ರೆ ಅರ್ಧ ತಗೊಂಡಂಗೇನೇ. ಇದು ನಮ್ಮ ಹೆಡ್ ಆಫೀಸ್ನೋರು ಸ್ಟಡಿ ಮಾಡಿ ಕಂಡುಹಿಡಿದಿರೋದು."

ಆ ಹೊತ್ತಿಗೆ ಅವರು ನಾನು ಕೊಟ್ಟ ಪುನರ್ಪುಳಿ ಶರಬತ್ತಿನ ಎರಡನೆಯ ಲೋಟ ಕುಡಿಯುತ್ತಿದ್ದರು. ನಾನು ಅವರಿಂದ ಏನನ್ನೂ ಕೊಂಡುಕೊಳ್ಳುವವಳಿರಲಿಲ್ಲ. ಅದನ್ನು ಆಗಲೇ ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಹೊರಡುವಾಗ ಮ್ಯಾನೇಜರ್ ಧಣಿಗಳ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮಳೆಗಾಲ ಶುರುವಾಗೋ ಹೊತ್ಗೆ ರಿವ್ಯೂ ಇದೆ ಸಾರ್. ನಿಮ್ಮ ಏರಿಯಾದಲ್ಲಿ ಹೊಸ ಕನೆಕ್ಷನ್ ಕಾಣ್ಬೇಕು. ಇಲ್ಲಾಂದ್ರೆ ಬೇರೆ ಪಾರ್ಟಿ ರೆಡಿ ಇದ್ದಾರೆ. ನನ್ನ ಕೈಲಿ ಏನೂ ಇರಲ್ಲ."

ಅವರ ಕಾರು ಹೋದ ಮೇಲೆ ಧಣಿಗಳು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಏಜೆನ್ಸಿ ಕೈಬಿಟ್ಟುಹೋದರೆ ಅವರಿಗೆ ತಮ್ಮನ ಅಂಗಡಿಯಲ್ಲಿ ಕೊಡೆ ಬಿಡಿಸಿ ತೋರಿಸುವ ಕೆಲಸವೇ ಗತಿ. ನಮ್ಮ ಮೂವರಿಗೆ ಅದೂ ಇಲ್ಲ.

ಸೇಲ್ಸಿನವರು ಮರುದಿನದಿಂದ ಹೊರಟರು. ಮೇ ತಿಂಗಳ ಬಿಸಿಲು. ನಮ್ಮ ಕಡೆ ಆ ಬಿಸಿಲಿನಲ್ಲಿ ಅಂಗಳಕ್ಕೆ ಬಂದವರನ್ನು, ಅವರು ಯಾರೇ ಆಗಿರಲಿ, ನೀರು ಕೊಡದೆ ಕಳಿಸುವ ಕ್ರಮವಿಲ್ಲ. ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು. ಆಮೇಲೆ ಎಲ್ಲಿಯವರು, ಯಾರ ಮಗ, ವಾಮಂಜೂರಿನಲ್ಲಿ ಯಾವ ಮನೆ ಎಂಬ ವಿಚಾರಣೆ. ಸಂಬಂಧ ಸಿಕ್ಕಿದರೆ ಮಜ್ಜಿಗೆ, ಸಿಗದಿದ್ದರೆ ಸಿಗುವವರೆಗೆ ಮಾತು. ಗಂಡಸರು ಗಲ್ಫಿನಲ್ಲಿರುವ ಮನೆಗಳಲ್ಲಿ ಜಗಲಿಯಲ್ಲಿ ಕೂರಿಸಿ, ಶರಬತ್ತು ಕಳಿಸಿ, ಅಂಗಡಿಯಿಂದ ಅಣ್ಣನನ್ನೋ ಭಾವನನ್ನೋ ಕರೆಸುತ್ತಿದ್ದರು. ಬೇಡ ಎನ್ನಲಿಕ್ಕೂ ಒಬ್ಬ ಗಂಡಸು ಬರಬೇಕು. ಅವರು ಬೈಕಿನಲ್ಲಿ ಬಂದು ಬೆವರು ಒರೆಸಿ, ಸೇಲ್ಸಿನವರ ಕ್ಷೇಮ ವಿಚಾರಿಸಿ, ಬಹಳ ಮರ್ಯಾದೆಯಿಂದ ಬೇಡ ಎಂದು ಹೇಳುವಷ್ಟರಲ್ಲಿ ನಕ್ಷೆಯಲ್ಲಿ ಆ ಮನೆ ಕೆಂಡದ ಹಾಗೆ ಆಗಿರುತ್ತಿತ್ತು.

ಸಂಜೆ ಸೇಲ್ಸಿನವರು ಆಫೀಸಿಗೆ ಬಂದು ಹೊಟ್ಟೆ ಹಿಡಿದು ಕುಳಿತರು.

"ಅಕ್ಕ, ಬೆಲ್ಲ ನೀರು, ಮಜ್ಜಿಗೆ, ಪುನರ್ಪುಳಿ, ಮತ್ತೆ ಬೊಂಡದ ನೀರು. ಒಂದು ಮನೆಯಲ್ಲಿ ಹಲಸಿನ ಹಣ್ಣು ಬೇರೆ. ಇನ್ನೊಂದು ಲೋಟ ಕುಡಿದ್ರೆ ನನ್ನನ್ನೇ ಟ್ಯಾಂಕರ್ ಅಂತ ಬುಕ್ ಮಾಡ್ತಾರೆ."

"ಅರ್ಜಿ ಯಾರ್ಯಾರದ್ದು ಬಂತು?"

"ಅರ್ಜಿ ಯಾರೂ ಕೊಡ್ಲಿಲ್ಲ. ಆದ್ರೆ ಎಲ್ಲ ಒಳ್ಳೆ ಜನ."

ವಾರ ಮುಗಿಯುವಷ್ಟರಲ್ಲಿ ಕುಲಶೇಖರ ಕೆಂಪಾಯಿತು. ಮುಂದಿನ ವಾರ ಕೆಂಪು ವಾಮಂಜೂರಿನ ಗದ್ದೆಗಳವರೆಗೆ ಹಬ್ಬಿತು. ಬೆಂಗಳೂರಿನಿಂದ ಫೋನು ಬಂತು, ಅದರ ಹಿಂದೆಯೇ ಕೇಕ್ ಬಂತು. ಧಣಿಗಳು ಕೇಕ್ ಕತ್ತರಿಸಿದರು, ಸೇಲ್ಸಿನವರು ಕೈಮುಗಿದು ಒಂದು ತುಂಡೂ ಬೇಡ ಎಂದರು. ನಾನು ನನ್ನ ಪಾಲಿನದನ್ನು ಮನೆಗೆ ಕೊಂಡುಹೋದೆ. ಕೌಂಟರಿನ ಮೇಲೆ ಒಂದು ಅರ್ಜಿಯೂ ಇರಲಿಲ್ಲ.

ಲೈನ್‌ಮ್ಯಾನ್ ಮಾತ್ರ ಪುರುಸೊತ್ತಿಲ್ಲದೆ ದುಡಿಯುತ್ತಿದ್ದ. ನಾಲ್ಕೈದು ಕಂಬಗಳಿಗೊಂದರಂತೆ ಒಂದು ಪೆಟ್ಟಿಗೆ ಇರುತ್ತದೆ, ಅದರಲ್ಲಿ ಎಂಟು ಬಾಯಿ. ಒಂದೊಂದು ಬಾಯಿಂದ ಒಂದೊಂದು ಮನೆಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇರುವ ತಂತಿ ಹೋಗುತ್ತದೆ. ಕೆಂಪು ಮನೆಯ ಗೋಡೆಗೆ ತೂತು ಕೊರೆದು ತಂತಿ ಒಳಗೆ ತರುವುದು, ರೂಟರ್ ಪೆಟ್ಟಿಗೆ, ಮಿಠಾಯಿ ಡಬ್ಬ, ಕಂಪೆನಿಯ ಹೆಸರಿರುವ ಒಂದು ಬಲೂನು ಇಡುವುದು, ಗಿರಾಕಿಯ ಮುಖ ಕಾಣುವಂತೆ ಫೋಟೋ ತೆಗೆದು ಕಳಿಸುವುದು. ಫೋಟೋದಲ್ಲಿ ಮುಖ ಸಿಕ್ಕಿದರೆ ಮಾತ್ರ ಕೆಲಸ ಮುಗಿದಂತೆ.

ಗೋಡೆ ಕೊರೆಯುವಾಗ ಯಾರೂ ತಡೆಯಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮಗ ಹೇಳಿ ಹಾಕಿಸುತ್ತಿರಬೇಕೆಂದು ಅಪ್ಪ ಎಣಿಸಿದ್ದರು, ಅಮ್ಮ ಹೇಳಿರಬೇಕೆಂದು ಮಗ, ಸೊಸೆ ಹೇಳಿರಬೇಕೆಂದು ಅಮ್ಮ. ಡ್ರಿಲ್ ಹಿಡಿದು ಧೂಳಿನಲ್ಲಿ ನಿಂತ ಲೈನ್‌ಮ್ಯಾನನಿಗೂ ಅವರು ನೀರು ಕೊಟ್ಟಿದ್ದರು. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತಾಗ ಗೋಡೆಯ ತೂತಿಗೆ ಯಜಮಾನರೇ ಇಲ್ಲವೆಂದು ಗೊತ್ತಾಯಿತು. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಜನ.

ಮೊದಲು ಬಂದವರು ಬ್ಯಾಂಕಿನಲ್ಲಿದ್ದು ನಿವೃತ್ತರಾದ ಒಬ್ಬರು. "'ನಮ್ಮ ಕುಟುಂಬಕ್ಕೆ ಸ್ವಾಗತ' ಅಂತ ಮೆಸೇಜು ಬಂದಿದೆ. ನಾನು ಯಾವಾಗ ನಿಮ್ಮ ಕುಟುಂಬಕ್ಕೆ ಸೇರಿದ್ದು? ಇರುವ ಕುಟುಂಬವೇ ನನಗೆ ಹೆಚ್ಚಾಗಿದೆ."

"ನಮ್ಮ ಸೇಲ್ಸಿನವರು ಬಂದಿದ್ರಲ್ಲ ನಿಮ್ಮಲ್ಲಿಗೆ..."

"ಬಂದಿದ್ದರು. ಕುಡಿಯಲಿಕ್ಕೆ ನೀರು ಕೊಟ್ಟೆ. ನೀರು ಕೊಟ್ರೆ ನೆಟ್ ಬರ್ತದಾ? ಹಾಗಾದ್ರೆ ಪೋಸ್ಟ್‌ಮ್ಯಾನಿಗೆ ನೀರು ಕೊಡ್ತೇನೆ, ನಾಳೆ ಪೋಸ್ಟಾಫೀಸೇ ಮನೆಗೆ ಬರ್ತದಾ ನೋಡುವ!"

ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. "ಅಯ್ಯೋ, ಆ ಪಾಪದವ ಬಿಸಿಲಿನಲ್ಲಿ ಬಾಡಿಹೋಗಿದ್ದ ಅಂತ ನಾನು ಊಟ ಹಾಕಿದ್ದೇನೆ. ನನಗೆ ಯಾವ ಪ್ಲಾನ್ ಬಂದಿರ್ಬಹುದು ಅಕ್ಕ?"

ಕಂಪ್ಯೂಟರಿನಲ್ಲಿ ನೋಡಿದೆ. ಎಲ್ಲಕ್ಕಿಂತ ದೊಡ್ಡ ಪ್ಲಾನ್ ಬಂದಿತ್ತು.

ಇದೇ ಗದ್ದಲದಲ್ಲಿ ನಿಜವಾಗಿ ಸಂಪರ್ಕ ಬೇಕಾದ ಒಬ್ಬರು ಬಂದರು, ವಾಮಂಜೂರಿನಲ್ಲಿ ಮನೆಯಿಂದಲೇ ಆನ್‌ಲೈನ್ ಟ್ಯೂಷನ್ ಮಾಡುವ ಟೀಚರು. ಕೈಯಲ್ಲಿ ಅರ್ಜಿ, ಆಧಾರ್ ಪ್ರತಿ, ಎಲ್ಲ ಸರಿಯಾಗಿ ಇತ್ತು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅವರ ಕಂಬದ ಪೆಟ್ಟಿಗೆ ನೋಡಿದರೆ ಎಂಟೂ ಬಾಯಿ ಕೆಂಪು ಮನೆಗಳಿಗೆ ಹಂಚಿಹೋಗಿದ್ದವು.

"ಜಾಗ ಇಲ್ಲ ಟೀಚರ್."

"ನಮ್ಮ ಸಾಲಿನಲ್ಲಿ ಯಾರೂ ಹಾಕಿಸ್ಲಿಲ್ಲ, ಆದ್ರೂ ಜಾಗ ಇಲ್ಲ? ಖಾಲಿ ಬಸ್ಸಿಗೆ ಹೌಸ್‌ಫುಲ್ ಬೋರ್ಡಾ?"

ಒಂದೊಂದೇ ಕೆಂಪು ಮನೆಯನ್ನು ರದ್ದು ಮಾಡಲು ಕುಳಿತೆ. ರದ್ದು ಮಾಡಲು ಕಾರಣ ಕೊಡಬೇಕು, ಕಾರಣವನ್ನು ಕಂಪೆನಿ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಬೆಲೆ ಹೆಚ್ಚು, ಬೇರೆ ಕಂಪೆನಿ, ಮನೆ ಖಾಲಿ. ಬರೀ ನೀರು ಕೊಟ್ಟದ್ದು ಎಂಬ ಕಾರಣ ಎಲ್ಲಿಯೂ ಇರಲಿಲ್ಲ. ಯಾರಿಗೂ ತೊಂದರೆಯಾಗದ ಕಾರಣವೆಂದು ಎಣಿಸಿ 'ಮನೆ ಖಾಲಿ' ಒತ್ತುತ್ತಾ ಹೋದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೆಂಗಳೂರಿನಿಂದ ಫೋನು.

"ಏನ್ ಮೇಡಂ, ಕುಲಶೇಖರದಲ್ಲಿ ಯಾರೂ ಇಲ್ವಾ? ಊರಿಗೆ ಊರೇ ಎದ್ದೋಯ್ತಾ? ಇಲ್ಲಿ ಹೆಡ್ ಆಫೀಸ್ನೋರು ಪ್ರವಾಹ ಬಂದಿದೆಯಾ ಅಂತ ಕೇಳ್ತಿದ್ದಾರೆ!"

ಎಲ್ಲವನ್ನೂ 'ಬೇರೆ ಕಂಪೆನಿ'ಗೆ ಬದಲಾಯಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಬೇರೆ ಕಂಪೆನಿಗೆ ಹೋದವರನ್ನು ಹಿಂದೆ ಕರೆತರಲೆಂದೇ ದೆಹಲಿಯ ಕಡೆ ಒಂದು ಕಾಲ್ ಸೆಂಟರ್ ಇತ್ತು. ಅವರು ಹಿಂದಿಯಲ್ಲಿ ಹಗಲಿಡೀ ಫೋನು ಮಾಡತೊಡಗಿದರು. ಇಗರ್ಜಿಯ ಹಿಂದಿನ ರಸ್ತೆಯಲ್ಲಿ ಒಬ್ಬರೇ ಇರುವ ಬಾಯಮ್ಮ ಅವರೊಡನೆ ಕೊಂಕಣಿಯಲ್ಲಿಯೇ ಬಹಳ ಹೊತ್ತು ಮಾತಾಡಿ, ತನ್ನ ಮಂಡಿನೋವು, ಕೋಳಿಗಳು, ಮಸ್ಕತ್ತಿನ ಸೊಸೆ ಎಲ್ಲವನ್ನೂ ಹೇಳಿ ಮುಗಿಸಿದರಂತೆ. "ಒಳ್ಳೆ ಹುಡುಗಿ, ಎಲ್ಲದಕ್ಕೂ ಹಾಂಜಿ ಹಾಂಜಿ ಹೇಳ್ತಾಳೆ" ಎಂದರು. ಫೋನಿನ ಮಾತಿಗೂ ಅದೇ ಲೆಕ್ಕ. ಹತ್ತು ನಿಮಿಷ ದಾಟಿದ ಆ ಮಾತುಕತೆಯಿಂದ ಅವರ ಮನೆ ಮತ್ತೆ ಕೆಂಪಾಯಿತು.

ಧಣಿಗಳು ಒಂದು ಉಪಾಯ ಹೇಳಿದರು. "ಅಕ್ಕಾ, ಇವರು ಒಳಗೆ ಹೋಗುವುದೇ ಬೇಡ. ಗೇಟಿನ ಹೊರಗೆ ನಿಂತು ಹೇಳ್ಲಿ. ನೀರು ಕೊಟ್ರೆ ಬೇಡ ಅಂತ ಹೇಳ್ಲಿ."

ಸೇಲ್ಸಿನವರ ಮುಖ ಇಳಿಯಿತು. "ನೀರು ಬೇಡ ಅಂತ ಹೇಗೆ ಹೇಳುವುದು ಸಾಹೇಬ್ರೇ?"

"ಬಾಯಿಯಿಂದ ಹೇಳಿ ಮಾರಾಯ್ರೆ."

ಎರಡು ದಿನ ಹಾಗೆಯೇ ಮಾಡಿದರು. ಗೇಟಿನಾಚೆ ನಿಂತು, ಕೈಯಾಡಿಸಿ ಬೆಲ್ಲ ನೀರನ್ನು ದೂರ ಮಾಡಿ, ಗಡಿಬಿಡಿಯಲ್ಲಿ ಪ್ಲಾನ್ ಹೇಳಿ ಓಡಿದರು. ನಕ್ಷೆ ನೀಲಿಯಾಯಿತು. ಮೂರನೆಯ ದಿನ ನಮ್ಮಲ್ಲಿ ಮೊದಲಿನಿಂದ ಸಂಪರ್ಕ ಇದ್ದವರು ರೂಟರುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಮುಂದೆ ಇದ್ದವರು ನನ್ನ ಚಿಕ್ಕಂದಿನಿಂದಲೂ ಗುರುತಿದ್ದ ಹೆಂಗಸು. ರೂಟರನ್ನು ಕೌಂಟರಿನ ಮೇಲೆ ಕುಕ್ಕಿದರು.

"ನಮ್ಮ ಮನೆಯ ನೀರು ಆಗುವುದಿಲ್ವಾ ನಿಮ್ಮವರಿಗೆ? ಎಂತ ಉಂಟು ನಮ್ಮ ನೀರಿನಲ್ಲಿ? ಎಷ್ಟು ಜನ ಬಂದು ಕುಡಿದ ಬಾವಿ ಅದು!"

"ಹಾಗಲ್ಲ ಅಕ್ಕ, ಅವರ ಫೋನಿನಲ್ಲಿ..."

"ಫೋನಿಗೆ ನಾನು ನೀರು ಕೊಡ್ಲಿಲ್ಲ. ಮನುಷ್ಯನಿಗೆ ಕೊಟ್ಟದ್ದು."

ನೀರು ಬೇಡವೆಂದರೆ ನಮ್ಮ ಊರಿನಲ್ಲಿ ಎಷ್ಟು ಅರ್ಥ ಹುಟ್ಟಬಹುದೆಂದು ಬಲ್ಲ ಧಣಿಗಳು ಒಳಗಿನ ಕೋಣೆಯಲ್ಲಿ ತಲೆ ಹಿಡಿದು ಕುಳಿತಿದ್ದರು. ಇದ್ದ ಗಿರಾಕಿಗಳೂ ಹೋಗುತ್ತಿದ್ದರು. ಮೋಡ ಕಟ್ಟತೊಡಗಿತ್ತು.

ಆ ಸಂಜೆ ಬಂದವರನ್ನು ನಾನು ಈಗಲೂ ನೆನೆಯುತ್ತೇನೆ. ವಾಮಂಜೂರಿನ ಕಡೆಯ ನಿವೃತ್ತ ಮೇಷ್ಟ್ರು. ಸ್ವಲ್ಪ ದಿನಗಳ ಹಿಂದೆ ತಾಯಿ ತೀರಿಕೊಂಡಿದ್ದರು. ಕೈಯಲ್ಲಿ ನಮ್ಮ ಕಂಪೆನಿಯ ಬಲೂನು ಇತ್ತು, ಗಾಳಿ ಅರ್ಧ ಇಳಿದು ಸುಕ್ಕುಗಟ್ಟಿದ್ದು. ಅವರು ಗದರಲಿಲ್ಲ. ಬೆಂಚಿನ ಮೇಲೆ ಕುಳಿತು, ಬಲೂನನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಇದು ಯಾರಿಗೆ ಕೊಟ್ಟದ್ದು ಅಂತ ಗೊತ್ತಾಗ್ಲಿಲ್ಲ. ಹಿಂದೆ ಕೊಟ್ಟು ಹೋಗುವ ಅಂತ ಬಂದೆ."

ಸೇಲ್ಸಿನವರಿಗೆ ಆ ಮನೆ ದೂರದ ಸಂಬಂಧ. ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ ರಜೆ ಹಾಕಿ, ಮಾರಾಟದ ಮಾತೇ ಎತ್ತದೆ, ಊಟಕ್ಕೆ ಹೋಗಿದ್ದರು. ಕಂಪೆನಿಯ ಫೋನು ಜೇಬಿನಲ್ಲಿಯೇ ಉಳಿದಿತ್ತು. ಊಟ ಮುಗಿಸಿ, ಬಡಿಸಲಿಕ್ಕೂ ಕೈಹಾಕಿ ಬರುವಾಗ ಇಡೀ ನಕ್ಷೆಯಲ್ಲಿಯೇ ಅತಿ ಬಿಸಿಯಾದ ಮನೆ ಅದಾಗಿತ್ತು. ಮರುದಿನ ಲೈನ್‌ಮ್ಯಾನ್ ಹೋದಾಗ ಮನೆಯವರು ಹಿತ್ತಿಲಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆದು ಬಾಡಿಗೆಯವರಿಗೆ ಎಣಿಸಿ ಕೊಡುತ್ತಿದ್ದರು. ಅವನು ಗೋಡೆ ಕೊರೆದು ತಂತಿ ಒಳಗೆ ತಂದು, ಚಾವಡಿಯ ಕತ್ತಲಲ್ಲಿ ಸಿಕ್ಕಿದ ಮೇಜಿನ ಮೇಲೆ ರೂಟರ್, ಮಿಠಾಯಿ, ಬಲೂನು ಇಟ್ಟು ಒಂದು ಫೋಟೋ ತೆಗೆದು, ಯಾರನ್ನಾದರೂ ಕರೆಯೋಣವೆಂದು ತಿರುಗುವಷ್ಟರಲ್ಲಿ ಆ್ಯಪ್ ಹಸಿರು ಗುರುತು ತೋರಿಸಿ ಕೆಲಸ ಮುಗಿಯಿತೆಂದಿತು.

ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದೆ. ಮೇಜಿನ ಹಿಂದೆ ಗೋಡೆಯಲ್ಲಿ ಮಾಲೆ ಹಾಕಿದ ಅಜ್ಜಿಯ ಪಟ. ಅದರ ಮಗ್ಗುಲಿಗೆ ಬಲೂನು. ಯಂತ್ರ ಅಜ್ಜಿಯ ಮುಖದ ಸುತ್ತ ಚೌಕ ಬರೆದು ಕೆಳಗೆ 'ಸಂತುಷ್ಟ ಗ್ರಾಹಕರು' ಎಂದು ನಮೂದಿಸಿತ್ತು.

ಲೈನ್‌ಮ್ಯಾನ್ ಇಣುಕಿ ನೋಡಿ ಹಿಂದೆ ಸರಿದ. "ನನಗೆ ಪಟ ಕಾಣ್ಲಿಲ್ಲ ಅಕ್ಕ. ಬಿಸಿಲಿನಿಂದ ಒಳಗೆ ಹೋದದ್ದು" ಎಂದ. ಅವನು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. "ಅಮ್ಮ ಯಾವುದಕ್ಕೂ ಸಂತುಷ್ಟರಾದವರಲ್ಲ" ಎಂದರು. ಅವರು ಬಲೂನನ್ನು ಕೌಂಟರಿನ ಮೇಲಿಟ್ಟು ಹೊರಟರು.

ಶಟರ್ ಎಳೆಯುವ ಮೊದಲು ನಾನು ಧಣಿಗಳಿಗೆ ಹೇಳಿದೆ: "ಸಾಹೇಬ್ರೇ, ನಾಳೆಯಿಂದ ಆ ಫೋನು ಈ ಡ್ರಾವರಿನಲ್ಲಿ ಇರ್ಲಿ. ನಾವು ಮನೆಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳುವ. ತಂತಿ ಬೇಡದವರದ್ದು ಬಿಚ್ಚುವ, ತೂತು ಮುಚ್ಚುವ."

"ಫೋನು ಡ್ರಾವರಿನಲ್ಲಿದ್ರೆ ನಕ್ಷೆಯಲ್ಲಿ ಎಂತದ್ದೂ ಕಾಣುವುದಿಲ್ಲ ಅಕ್ಕಾ. ರಿವ್ಯೂ ದಿನ ಅವರು ಏರಿಯಾ ತೆಗೆದು ಬೇರೆಯವರಿಗೆ ಕೊಡ್ತಾರೆ."

"ಹೀಗೇ ಹೋದ್ರೆ ಏರಿಯಾ ನಮ್ಮ ಹತ್ರ ಇದ್ದೂ ಗಿರಾಕಿಗಳು ಇರುವುದಿಲ್ಲ."

ಅವರು ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟರು. "ಏಜೆನ್ಸಿ ಹೋದ್ರೆ ಕೊಡೆ ಮಾರ್ತೇನೆ. ಆದ್ರೆ ಕೊಡೆ ತೆಗೊಳ್ಳುವವರೂ ಇದೇ ಜನ ಅಲ್ವಾ" ಎಂದರು. ಫೋನನ್ನು ತಾವೇ ಡ್ರಾವರಿನೊಳಗೆ ಇಟ್ಟರು.

ಮೊದಲು ಮೇಷ್ಟ್ರ ಮನೆಗೆ ಹೋದೆವು. ಧಣಿಗಳು ಮಾತು ಜೋಡಿಸಿಕೊಂಡು ಬಂದಿದ್ದರು, ಚಾವಡಿಯಲ್ಲಿ ಅಜ್ಜಿಯ ಪಟದ ಎದುರು ಅದೆಲ್ಲ ಮರೆತುಹೋಗಿ, "ತಪ್ಪಾಯ್ತು ಮೇಷ್ಟ್ರೇ" ಎಂದಷ್ಟೇ ಹೇಳಿದರು. ಮೇಷ್ಟ್ರು ಬೆಲ್ಲ ನೀರು ತರಿಸಿದರು. "ನೆಟ್ ನನಗೆ ಬೇಡ, ನೀವು ಕೂತ್ಕೊಳ್ಳಿ" ಎಂದರು. ಕೂತೆವು. ಲೈನ್‌ಮ್ಯಾನ್ ತಂತಿ ಬಿಚ್ಚಿ, ತೂತಿಗೆ ಸಿಮೆಂಟು ಮೆತ್ತಿ, ಸುಣ್ಣದ ಬಣ್ಣ ಹೊಂದಿಸಿ ಬಳಿದ. ನಾವು ಎದ್ದದ್ದು ಬಹಳ ಹೊತ್ತಿನ ಮೇಲೆ. ಅಳೆಯುವವರು ಯಾರೂ ಇರಲಿಲ್ಲ.

ಆಮೇಲೆ ದಿನಾ ಹಾಗೆಯೇ. ಬೆಳಿಗ್ಗೆ ನಾನು ಗಂಜಿ ಬೇಯಿಸಿಟ್ಟು ಬೇಗ ಹೊರಡುತ್ತಿದ್ದೆ, ಮಧ್ಯಾಹ್ನದವರೆಗೆ ಮನೆಗಳು, ಮತ್ತೆ ಕೌಂಟರು. ಸೇಲ್ಸಿನವರು ಕುಡಿಯದೆ ಬಿಟ್ಟ ನೀರನ್ನೆಲ್ಲ ಬಡ್ಡಿ ಸಮೇತ ಕುಡಿದು ತೀರಿಸಿದರು. ರೂಟರ್ ಕುಕ್ಕಿ ಹೋದ ಹೆಂಗಸಿನ ಮನೆಯಲ್ಲಿ ಅವರಿಗೆ ಚೆಂಬು ಬರಿದಾಗುವವರೆಗೆ ಬಿಡುಗಡೆ ಸಿಗಲಿಲ್ಲ. ಕುಡಿದಾದ ಮೇಲೆ ಆಕೆ ಕೇಳಿದ್ದು, "ಈಗ ಹೇಳು, ಉಪ್ಪು ಉಂಟಾ ಅದ್ರಲ್ಲಿ?" ರೂಟರು ಮರುದಿನ ಅವರ ಮನೆಗೆ ಹಿಂದೆ ಹೋಯಿತು.

ನಾವು ಎಣಿಸದೇ ಇದ್ದದ್ದು ಇನ್ನೊಂದು ನಡೆಯಿತು. ತೂತು ಮುಚ್ಚಲು ಹೋದಲ್ಲಿ ಕೆಲವರು ಬೇಡವೆಂದರು. ಬಾಯಮ್ಮ ಏಣಿಗೆ ಅಡ್ಡ ನಿಂತರು. "ತೂತು ಹೇಗೂ ಮಾಡಿದ್ದೀರಿ. ಅದ್ರಲ್ಲಿ ಇರುವೆ ಬರುವ ಬದಲು ಇಂಟರ್ನೆಟ್ಟೇ ಬರ್ಲಿ. ಸೊಸೆಯ ಮುಖ ನೋಡ್ಬಹುದು." ನಿವೃತ್ತ ಬ್ಯಾಂಕಿನವರು ಷರತ್ತುಗಳನ್ನು ಒಂದೊಂದಾಗಿ ನನ್ನಿಂದ ಓದಿಸಿ, ಫ್ರೀ ಬೇಡ, ಸಣ್ಣ ಪ್ಲಾನ್ ಕೊಡಿ ಎಂದರು. ಬಿಚ್ಚಿದ ತಂತಿಗಳಿಂದ ಪೆಟ್ಟಿಗೆಯ ಬಾಯಿಗಳು ಖಾಲಿಯಾದವು. ಟ್ಯೂಷನ್ ಟೀಚರಿಗೆ ಸಂಪರ್ಕ ಸಿಕ್ಕಿತು. ಅವರು ಬೇರೆ ಮೂವರನ್ನು ಕರೆತಂದರು. ಕೌಂಟರಿನಲ್ಲಿ ಅರ್ಜಿಗಳು ಬೀಳತೊಡಗಿದವು. ಡ್ರಾವರಿನಲ್ಲಿ ಫೋನು ಆಗಾಗ ಗುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಮ್ಯಾನೇಜರ್ ಫೋನು ಮಾಡಿದರು. ಧಣಿಗಳು ಸ್ಪೀಕರಿಗೆ ಹಾಕಿದರು. ನಾವು ನಾಲ್ವರೂ ಮೇಜಿನ ಸುತ್ತ ನಿಂತೆವು.

"ಸಾರ್, ಏನ್ ಮಾಡಿದ್ರಿ ನೀವು? ಇತ್ತೀಚೆಗೆ ವಿಸಿಟ್ ಸೊನ್ನೆ! ಸೇಲ್ಸ್ ಫೋನು ಆಫೀಸು ಬಿಟ್ಟು ಅಲ್ಲಾಡೇ ಇಲ್ಲ. ಆದ್ರೆ ಕನೆಕ್ಷನ್ ಮಾತ್ರ ಬೇರೆ ಎಲ್ಲಾ ಏರಿಯಾಗಿಂತ ಜಾಸ್ತಿ. ಒಂದು ವಿಸಿಟ್‌ಗೆ ಎಷ್ಟು ಕನೆಕ್ಷನ್ ಅಂತ ಲೆಕ್ಕ ಹಾಕಕ್ಕೋಗಿ ಕಂಪ್ಯೂಟರೇ ನಿಂತೋಯ್ತು! ಹೆಡ್ ಆಫೀಸ್ನೋರು ಇದಕ್ಕೆ ಮಂಗಳೂರು ಮಾಡೆಲ್ ಅಂತ ಹೆಸರಿಟ್ಟಿದ್ದಾರೆ. ನೀವೇ ಬಂದು ಎಲ್ಲರಿಗೂ ಎಕ್ಸ್‌ಪ್ಲೇನ್ ಮಾಡ್ಬೇಕು."

ಧಣಿಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರು. ಹೋಗುವ ಮೊದಲು ಕೇಳಿದರು, "ಎಂತ ಹೇಳುವುದು ಅಕ್ಕಾ?" ನಡೆದದ್ದನ್ನೇ ಹೇಳಿ ಎಂದೆ.

ಅವರು ನಡೆದದ್ದನ್ನೇ ಹೇಳಿದರಂತೆ. ದೊಡ್ಡ ಸಭಾಂಗಣ, ಎಲ್ಲ ಜಿಲ್ಲೆಯ ಏಜೆನ್ಸಿಯವರು. ನೀರಿನ ವಿಷಯ, ಬಲೂನಿನ ವಿಷಯ, ಕ್ಷಮೆ ಕೇಳಿದ ವಿಷಯ. ಯಾರೂ ನಗಲಿಲ್ಲವಂತೆ. ಎಲ್ಲರೂ ತಲೆತಗ್ಗಿಸಿ ಬರೆದುಕೊಂಡರಂತೆ.

ಒಂದು ವಾರದಲ್ಲಿ ಒಪ್ಪಂದ ಮುಂದುವರಿಸುವ ಪತ್ರ ಬಂತು. ಏರಿಯಾ ನಮಗೇ ಉಳಿದಿತ್ತು. ಸೇಲ್ಸಿನವರು ಕಣ್ಣೊರೆಸಿಕೊಂಡರು, ಲೈನ್‌ಮ್ಯಾನ್ ಚಹಾ ತರಲು ಹೋದ. ಪತ್ರವನ್ನು ಕೊನೆಯವರೆಗೆ ಓದುವ ಅಭ್ಯಾಸವಿದ್ದದ್ದು ನನಗೊಬ್ಬಳಿಗೇ. ಕೆಳಗೆ ನಕ್ಷತ್ರದ ಗುರುತಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಹೊಸ ಷರತ್ತು ಸೇರಿಸಿದ್ದರು. ಇನ್ನು ಮುಂದೆ ಪ್ರತಿ ಏಜೆನ್ಸಿಯೂ ಪ್ರತಿ ವಾರ ಹೊಸ ಹೊಸ ಮನೆಗಳಿಗೆ ಹೋಗಿ ಕಡ್ಡಾಯವಾಗಿ ಕ್ಷಮೆ ಕೇಳತಕ್ಕದ್ದು. ಆ್ಯಪಿನಲ್ಲಿ ಅದಕ್ಕೆ ಬೇರೆಯೇ ಗುಂಡಿ ಬರಲಿದೆ.

ಓದಿ ಹೇಳಿದೆ. ಧಣಿಗಳು ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು.

"ತಪ್ಪೇ ಮಾಡದೆ ವಾರ ವಾರ ಕ್ಷಮೆ ಕೇಳುವುದು ಹೇಗೆ ಅಕ್ಕಾ? ಅಷ್ಟು ಕಾರಣ ಎಲ್ಲಿಂದ ತರುವುದು?"

"ಕಾರಣ ಅವರೇ ಕೊಡ್ತಾರೆ, ಸೈನ್ ಹಾಕಿ ಸಾಹೇಬ್ರೇ" ಎಂದೆ. "ಅವರು ಜಾಹೀರಾತು ಹಾಕುವುದು ನಿಲ್ಲಿಸ್ಲಿಲ್ಲವಲ್ಲ."